ಬಾವಲಿ ಮರದ ಗಡಿಗೆ

ನಮ್ಮೂರಿನ ಜೈಪಾಲ ಕೂತು ಊಟ ಮಾಡಿದ್ದನ್ನು ನೋಡಿದವರು ಯಾರಾದರೂ ಇದ್ದರೆ ಮುಂದೆ ಬರಲಿ. ಕಳೆದ ದಸರೆಯ ನಂತರದ ಮಾತು ಹೇಳುತ್ತಿದ್ದೇನೆ. ತಟ್ಟೆ ಕೈಯಲ್ಲಿ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ರೊಟ್ಟಿ ಮುರಿಯುತ್ತಾನೆ, ಆಕಾಶ ನೋಡುತ್ತಾನೆ, ಮುರಿದದ್ದನ್ನು ಬಾಯಿಗೆ ಹಾಕುವುದನ್ನೇ ಮರೆಯುತ್ತಾನೆ. ಮಾತಾಡಿಸಿದರೆ ಅರ್ಧ ಮಾತಿಗೆ ಎದ್ದು ಹೋಗುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಕಾಶಿನಾಥ, ನಾರಾಯಣಖೇಡ ಡಿಪೋದಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಓಡುವ ಬಸ್ಸಿನಲ್ಲಿ ಕುಡುಕರನ್ನು, ಜಗಳಗಂಟರನ್ನು, ಕೋಳಿ ಹಿಡಿದುಕೊಂಡು ಹತ್ತಿದವರನ್ನು ಗದರಿಸಿ ಕೂರಿಸಿದವನು. ಇವನೊಬ್ಬನನ್ನು ಕೂರಿಸುವುದು ನನ್ನಿಂದ ಆಗಲಿಲ್ಲ.

ಮೊದಲು ಹೀಗಿರಲಿಲ್ಲ ನೋಡಿ. ಝರಾಸಂಗಂ ಸುತ್ತಿನ ಹಳ್ಳಿಗಳಲ್ಲಿ ಇವನಷ್ಟು ನಿಧಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ಈಡಿಗರ ಮನೆ. ಅಪ್ಪ ಕಿಷ್ಟಪ್ಪ ಹೊಲದ ಬದುವಿನ ಈಚಲು ಮರಗಳಿಂದ ಸೇಂದಿ ಇಳಿಸುತ್ತಿದ್ದ, ಮಗನೂ ಅದನ್ನೇ ಹಿಡಿದ. ಸಂಜೆ ಸೊಂಟಕ್ಕೂ ಮರಕ್ಕೂ ಹಗ್ಗ ಬಿಗಿದು ಹತ್ತುವುದು, ಗರಿಗಳ ಬುಡದಲ್ಲಿ ಕತ್ತಿಯಿಂದ ತೆಳ್ಳಗೆ ಕೆತ್ತುವುದು, ರಸ ತೊಟ್ಟಿಕ್ಕುವ ಕಡೆ ಗಡಿಗೆ ಕಟ್ಟಿ ಇಳಿಯುವುದು. ಬೆಳಕು ಹರಿಯುವ ಮೊದಲು ಮತ್ತೆ ಹತ್ತಿ ತುಂಬಿದ ಗಡಿಗೆ ಇಳಿಸುವುದು. ಬಿಸಿಲೇರಿದರೆ ಅದು ಹುಳಿಯಾಗಿ ಸೇಂದಿಯಾಗುತ್ತದೆ. ಅದಕ್ಕಿಂತ ಮೊದಲು, ತಣ್ಣಗೆ, ಸಿಹಿಯಾಗಿ ಕುಡಿದರೆ ನೀರಾ. ಚಳಿಗಾಲದ ಬೆಳಗಿನಲ್ಲಿ ಆ ನೀರಾ ಕುಡಿಯದವನ ಬಾಳು ದಂಡ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ.

ಅವನ ಮರಗಳಲ್ಲಿ ಒಂದಕ್ಕೆ ಬಾವಲಿ ಮರ ಎಂದೇ ಹೆಸರು. ಕೆರೆ ಏರಿಯ ಆಲದಲ್ಲಿ ಹಗಲೆಲ್ಲ ತಲೆಕೆಳಗಾಗಿ ಜೋತಾಡುವ ದೊಡ್ಡ ಬಾವಲಿಗಳು ಹೊತ್ತು ಮುಳುಗಿತೆಂದರೆ ಬೇರೆ ಮರಗಳನ್ನೆಲ್ಲ ದಾಟಿ ಇದಕ್ಕೇ ಬರುತ್ತಿದ್ದವು. ಕೆತ್ತಿದ ಜಾಗವನ್ನು ನೆಕ್ಕುತ್ತಿದ್ದವು, ಗಡಿಗೆಯ ಬಾಯಿಗೆ ಉಗುರು ಹಾಕಿ ಕುಡಿಯುತ್ತಿದ್ದವು. ಇದಕ್ಕೆ ನಮ್ಮೂರಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ, ಹೆಮ್ಮೆ ಪಡುತ್ತಾರೆ. ಸಿಹಿ ಯಾವುದೆಂದು ಬಾವಲಿಗೆ ಗೊತ್ತು, ಅದು ಆರಿಸಿದ್ದೇ ಒಳ್ಳೆಯ ಮರ ಎಂಬುದು ಇಲ್ಲಿನ ನಂಬಿಕೆ. ಆ ಮರದ ನೀರಾ ಮಾರುವುದಿಲ್ಲ. ಮನೆಗೆ ಬಂದ ಅಳಿಯನಿಗೆ, ಬಸುರಿ ಹೆಂಗಸಿಗೆ, ಹೆಸರಿಡುವ ದಿನ ಕೂಸಿನ ನಾಲಿಗೆಗೆ ಒಂದು ಹನಿ, ಅಷ್ಟೆ. ನಾನು ರಿಟೈರ್ ಆದ ದಿನ ನನಗೂ ಒಂದು ಲೋಟ ಸಿಕ್ಕಿತ್ತು. ಗಡಿಗೆಯ ಬಾಯಿ ಮೇಲೆ ಉಗುರಿನ ಗೀರು ತೋರಿಸೋ ಎಂದು ಕೇಳಿ, ನೋಡಿ, ಆಮೇಲೆ ಕುಡಿದ ಮಹಾನುಭಾವ ನಾನು.

ಇವರ ಕಸುಬಿಗೆ ಒಂದು ಕಟ್ಟಳೆ ಇದೆ. ಗಡಿಗೆ ಇಳಿಸಿದವನು ಮರದ ಬುಡದಲ್ಲೇ ಅದನ್ನು ಬಟ್ಟೆಯಲ್ಲಿ ಸೋಸಬೇಕು. ಸೋಸದ ಗಡಿಗೆ ಹೊಸ್ತಿಲು ದಾಟಬಾರದು, ಹೆಂಗಸರ ಕಣ್ಣಿಗೆ ಬೀಳಬಾರದು. ಕಿಷ್ಟಪ್ಪ ಬದುಕಿರುವವರೆಗೂ ಇದರಲ್ಲಿ ಬಹಳ ಕಟ್ಟುನಿಟ್ಟಾಗಿದ್ದ. ಅವನ ಹೆಂಡತಿ ಮೈಸಮ್ಮ ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನೀರಾ ಬಗ್ಗಿಸಿ ಬಗ್ಗಿಸಿ ಕೊಟ್ಟಿದ್ದಾಳೆ, ಆದರೆ ಮರದಿಂದ ಇಳಿದ ಗಡಿಗೆ ಹೇಗಿರುತ್ತದೆ ಎಂದು ಒಂದು ದಿನವೂ ನೋಡಿದವಳಲ್ಲ.

ಮೈಸಮ್ಮನ ವಿಷಯ ಹೇಳಬೇಕು. ಜೈಪಾಲನ ತಾಯಿ. ಈಚಲ ಗರಿಯಿಂದ ಚಾಪೆ ಹೆಣೆಯುವುದರಲ್ಲಿ ಅವಳ ಕೈ ಎಂಥದ್ದೆಂದರೆ ಜಹೀರಾಬಾದಿನ ಸಂತೆಯಲ್ಲಿ ಹೆಸರು ಕೇಳಿ ಕೊಳ್ಳುತ್ತಾರೆ. ಬಾಯಿಯೂ ಅಷ್ಟೇ ಜೋರು, ನನ್ನಂಥವನೇ ಅವಳೆದುರು ತಣ್ಣಗಾಗುತ್ತೇನೆ. ಅವಳ ಮೊದಲ ಮಗ ಸಾಯಪ್ಪ, ಜೈಪಾಲನಿಗಿಂತ ದೊಡ್ಡವನು, ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲೇ ಹೋದ. ಒಂದು ಚಳಿಗಾಲ ಜ್ವರ ಬಂತು, ಕೈಕಾಲು ಸೆಟೆದವು, ಎಚ್ಚರ ತಪ್ಪಿತು, ಜಹೀರಾಬಾದಿಗೆ ಒಯ್ಯುವುದರೊಳಗೆ ಮುಗಿಯಿತು. ಊರ ದೇವತೆ ಪೋಚಮ್ಮ ಕರೆದುಕೊಂಡಳು ಎಂದು ಹಿರಿಯರು ಹೇಳಿದರು. ಮೈಸಮ್ಮ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪೋಚಮ್ಮನ ಗುಡಿಯ ಮುಂದೆ ಹಾಯುವಾಗ ಈಗಲೂ ನಿಂತು, "ನನ್ನ ಸಾಯಪ್ಪ ಹ್ಯಾಂಗ ಹಾನವ್ವ?" ಎಂದು ನೆರೆಮನೆಯವಳನ್ನು ಕೇಳುವ ಹಾಗೆ ಕೇಳುತ್ತಾಳೆ. ಆ ನಂಬಿಕೆಯ ಮೇಲೆ ಅವಳು ಇಷ್ಟು ವರ್ಷ ಬದುಕಿದ್ದಾಳೆ.

ಜೈಪಾಲನ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಒಬ್ಬಳೇ ಮಗಳು ಸ್ವರೂಪಾ. ಅವಳನ್ನು ಬೆಳೆಸಿದ್ದು ಅಜ್ಜಿಯೇ. ತಾಂಡೂರಿನ ಲಾರಿ ಡ್ರೈವರ್ ಶಿವರಾಜನಿಗೆ ಕೊಟ್ಟಿದ್ದರು. ಕಳೆದ ದಸರೆಗೆ ಸ್ವರೂಪಾ ತುಂಬಿದ ಬಸುರಿಯಾಗಿ ತವರಿಗೆ ಬಂದಳು. ಮರಗಳು ರಸ ಬಿಡಲು ಶುರುಮಾಡಿದ್ದ ಸಮಯ. ಮರುದಿನದಿಂದಲೇ ಮೈಸಮ್ಮ ಬೆಳಿಗ್ಗೆ ಎಬ್ಬಿಸಿ ಬಾವಲಿ ಮರದ ನೀರಾ ಕುಡಿಸತೊಡಗಿದಳು. "ಕುಡಿ, ನನ್ನವ್ವ. ಕೂಸು ತಂಪಾಗಿ ಹುಟ್ತದ," ಎನ್ನುತ್ತಿದ್ದಳು. ಸ್ವರೂಪಾ ಮೂಗು ಮುರಿದರೆ ಗಲ್ಲ ಹಿಡಿದು ಕುಡಿಸುತ್ತಿದ್ದಳು. ಜೈಪಾಲ ಬಾಗಿಲಲ್ಲಿ ನಿಂತು ನೋಡಿ ನಗುತ್ತಿದ್ದ. ಆಗ ಅವನಿಗೆ ನಗು ಬರುತ್ತಿತ್ತು.

ಹೀಗಿರುವಾಗ ಅಳಿಯ ಶಿವರಾಜ ಬಂದ. ತಾಂಡೂರಿನ ತೊಗರಿಬೇಳೆ ತುಂಬಿಕೊಂಡು ಕೇರಳಕ್ಕೆ ಹೋಗಿದ್ದವನು ಖಾಲಿ ಲಾರಿ ಮಾಲೀಕನಿಗೆ ಒಪ್ಪಿಸಿ ನೇರ ಹೆಂಡತಿಯನ್ನು ನೋಡಲು ಬಂದಿದ್ದ. ನಾನೂ ಅಂಗಳದಲ್ಲಿದ್ದೆ. ಮೈಸಮ್ಮ ಅಳಿಯನ ಮುಂದೆ ಲೋಟ ಹಿಡಿದಳು. ಹುಡುಗ ಕೈ ಹಿಂದೆಳೆದುಕೊಂಡ.

"ಇದು ಬಾವಲಿ ಮರದ್ದೇನ್ರಿ, ಮಾವ?" ಎಂದು ಜೈಪಾಲನನ್ನು ಕೇಳಿದ.

"ಹೌದಪ್ಪ. ನಿಮಗಂತನೇ ಇಟ್ಟೀವಿ."

"ನನಗ ಬ್ಯಾಡ್ರಿ. ಈ ಸಲ ಕೇರಳದಾಗ ಒಂದು ಊರಿನ ರಸ್ತೆನೇ ಬಂದ್ ಮಾಡಿದ್ರು. ನಿಪಾ ಅಂತ ಜಡ್ಡು. ಬಾವಲಿಯಿಂದ ಬರ್ತದಂತ. ಬಾವಲಿ ಕಚ್ಚಿದ ಹಣ್ಣು ತಿನ್ನಬ್ಯಾಡ್ರಿ, ತೆರೆದಿಟ್ಟ ಗಡಿಗಿ ಸೇಂದಿ ಕುಡಿಬ್ಯಾಡ್ರಿ ಅಂತ ಮೈಕಿನಾಗ ಕೂಗ್ಲಾಕತ್ತಿದ್ರು. ಬಾಂಗ್ಲಾದೇಶದಾಗ ಇದೇ ಈಚಲ ನೀರಾ ಕುಡಿದು ಮಂದಿ ಸತ್ತಾರಂತ. ಮೊದಲ ಜ್ವರ, ಆಮ್ಯಾಲ ತಲಿಗೇರ್ತದ, ಕೈಕಾಲು ಸೆಟೀತಾವ. ಔಷಧ ಇಲ್ಲಂತ್ರಿ ಅದಕ್ಕ."

ಮೈಸಮ್ಮ ಕಿಸಕ್ಕನೆ ನಕ್ಕಳು. "ಲಾರಿ ಹೊಡೆದು ಹೊಡೆದು ನಮ್ಮ ಅಳಿಯನ ತಲಿ ಕೆಟ್ಟದ. ನಿನ್ನ ಹೆಂಡ್ತಿ ದಿನಾ ಕುಡೀತಾಳ, ನೋಡು ಹ್ಯಾಂಗ ಮಿಂಚ್ಲಾಕತ್ತಾಳ!"

ಶಿವರಾಜನ ಮುಖದ ರಕ್ತ ಇಳಿದುಹೋಯಿತು. ಜೈಪಾಲನ ಮುಖ ನಾನು ನೋಡಲಿಲ್ಲ, ಏಕೆಂದರೆ ಅವನು ಆಗಲೇ ಎದ್ದು ಹಿತ್ತಲಿಗೆ ನಡೆದಿದ್ದ. ಆ ಮನುಷ್ಯ ಕೂತದ್ದೇ ಅದು ಕೊನೆ.

ಅಂದು ಸಂಜೆ ನನ್ನ ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಕಾಕಾ, ಎಷ್ಟ ದಿನಕ್ಕ ಗೊತ್ತಾಗ್ತದಂತ?" ಎಂದ.

"ಏನು ಗೊತ್ತಾಗ್ತದ?"

"ಕುಡಿದಾಕಿಗೆ ಬಂದದೋ ಇಲ್ಲೋ ಅಂತ. ಶಿವರಾಜ ಎರಡು ವಾರ ಅಂತಾನ. ಅದರಕಿಂತ ಜಾಸ್ತಿನೂ ಆಗ್ಬಹುದಂತ. ಇವತ್ತು ಬೆಳಿಗ್ಗೆನೂ ಕುಡ್ದಾಳ, ಕಾಕಾ. ನಾನೇ ಸೋಸಿ ಕೊಟ್ಟೀನಿ."

ನಿನ್ನ ಅಪ್ಪ ಕುಡಿದ, ನಾನು ಕುಡಿದೆ, ಸುಮ್ಮನೆ ಹೋಗಿ ಮಲಗು ಎಂದು ಗದರಿಸಿ ಕಳಿಸಿದೆ. ಕಳಿಸಿ ಬಾಗಿಲು ಹಾಕಿಕೊಂಡ ಮೇಲೆ ನನ್ನದೇ ಗಂಟಲು ಕೆರೆಯತೊಡಗಿತು. ಕುಡಿದು ವರ್ಷಗಳಾಗಿವೆ ಎಂದು ಬುದ್ಧಿಗೆ ಗೊತ್ತು, ಗಂಟಲಿಗೆ ಗೊತ್ತಾಗಬೇಕಲ್ಲ! ನನ್ನ ಹೆಂಡತಿ ಉಪ್ಪುನೀರು ಕೊಟ್ಟು ಚೆನ್ನಾಗಿ ಬೈದಳು.

ಮರುದಿನದಿಂದ ಜೈಪಾಲ ಸ್ವರೂಪಾಳಿಗೆ ನೀರಾ ಬಂದ್ ಮಾಡಿದ. ಎಲ್ಲ ಮರಗಳ ಕೆತ್ತಿದ ಜಾಗಕ್ಕೂ ಗಡಿಗೆಯ ಬಾಯಿಗೂ ಬಾವಲಿ ನುಸುಳದಂತೆ ಮುಚ್ಚಿಗೆ ಕಟ್ಟಬೇಕೆಂದು ತಾಯಿಗೆ ಚಾಪೆ ಹೆಣೆದುಕೊಡಲು ಕೇಳಿದ. ಮೈಸಮ್ಮ ಹೆಣೆಯುತ್ತಿದ್ದ ಚಾಪೆಯನ್ನು ಮಗನ ಕಾಲಬುಡಕ್ಕೆ ಎಸೆದಳು.

"ನಿಮ್ಮಪ್ಪ ಕುಡಿದ, ನಿಮ್ಮಜ್ಜ ಕುಡಿದ. ಮರಕ್ಕ ಲಂಗ ಉಡಿಸ್ತೀಯೇನೋ? ನಾಚಿಗಿ ಬರಂಗಿಲ್ಲಾ? ನಾ ಹೆಣಿಯಂಗಿಲ್ಲ, ಹೋಗು!"

ಆಗ ಅವನು ಗೊಬ್ಬರದ ಖಾಲಿ ಚೀಲಗಳನ್ನು ತೊಳೆದು, ಒಣಗಿಸಿ, ಮರದ ಕುತ್ತಿಗೆಗೆ ಸುತ್ತಿ ಕಟ್ಟಿದ. ಇಲ್ಲಿ ಶುರುವಾಯಿತು ಹೊಸ ರಗಳೆ. ನಮ್ಮ ಕಡೆ ಸೇಂದಿಗೆ ಮತ್ತಿನ ಪುಡಿ ಬೆರೆಸಿ ಮಾರುವ ಖದೀಮರಿದ್ದಾರೆ, ಅದರಿಂದ ಹುಚ್ಚರಂತಾದವರನ್ನು ಊರಿಗೊಬ್ಬರಂತೆ ತೋರಿಸಬಹುದು. ಬದುವಿನ ಮೇಲೆ ಬಿಳಿ ಚೀಲ ಸುತ್ತಿದ ಮರಗಳನ್ನು ನೋಡಿದ್ದೇ ತಡ, ದಿನದ ಗಿರಾಕಿ ತುಳಸಿರಾಮ ನಾಲ್ಕು ಮಂದಿಯ ಎದುರು ಕೇಳಿಯೇಬಿಟ್ಟ.

"ಇಷ್ಟು ವರ್ಷ ತೆರೆದೇ ಇತ್ತಲ್ಲ ನಿನ್ನ ಗಡಿಗಿ. ಈಗೇನು ಹಾಕ್ಲಾಕತ್ತಿ ಒಳಗ, ಮುಚ್ಚಿಡಾಕ?"

"ಬಾವಲಿ ಬರಬಾರದಂತ ಕಟ್ಟೀನಿ."

"ಬಾವಲಿ! ಬಾವಲಿ ಮುಟ್ಟದ ಸೇಂದಿ ನಮಗ್ಯಾಕ? ಅದಕ್ಕ ಬ್ಯಾಡಾದದ್ದು ನಮಗ ಕುಡಿಸ್ತೀಯೇನು?"

ಎಲ್ಲರೂ ನಕ್ಕರು. ನಾಲ್ಕಾರು ದಿನದಲ್ಲಿ ಗಿರಾಕಿಗಳು ಪಕ್ಕದ ಊರಿನ ಮರಗಳಿಗೆ ತಿರುಗಿದರು. ಇಂಥ ಮಾತಿಗೆ ಮೊದಲಿನ ಜೈಪಾಲನಾಗಿದ್ದರೆ ಏನಾದರೂ ತಮಾಷೆ ಮಾಡುತ್ತಿದ್ದ. ಈಗ ಅವನಿಗೆ ಗಿರಾಕಿಗಳ ಗೊಡವೆಯೇ ಇರಲಿಲ್ಲ. ಅವನ ಕಿವಿಯೆಲ್ಲ ಮನೆಯೊಳಗೆ. ಸ್ವರೂಪಾ ಸೀನಿದರೆ ಓಡುತ್ತಿದ್ದ. ಹೊತ್ತು ಮಾಡಿ ಎದ್ದರೆ ಓಡುತ್ತಿದ್ದ. ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದ. "ಅಪ್ಪಾ, ನನಗೇನಾಗ್ಯಾದ? ಯಾಕ ಹಿಂಗ ಮಾಡ್ತೀರಿ?" ಎಂದು ಅವಳು ಕೇಳಿದರೆ, "ಏನಿಲ್ಲವ್ವ, ಬಿಸಿಲು ಭಾಳ ಅದ," ಎಂದು ಕಾರ್ತಿಕದ ಚಳಿಯಲ್ಲಿ ನಿಂತು ಹೇಳುತ್ತಿದ್ದ.

ಇನ್ನೇನು ಎರಡು ವಾರ ಕಳೆಯಬೇಕು ಎನ್ನುವಷ್ಟರಲ್ಲಿ ಸ್ವರೂಪಾಳಿಗೆ ಜ್ವರ ಬಂತು. ಸುಡುವ ಜ್ವರ. ತಲೆನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಳು. ಜೈಪಾಲ ನನ್ನ ಮನೆಗೆ ಓಡಿ ಬಂದ. ಅವನ ಮುಖ ನೋಡಿಯೇ ಅಂಗಿ ತೊಟ್ಟುಕೊಂಡೆ. ಆಟೋ ಮಾಡಿಕೊಂಡು ಜಹೀರಾಬಾದಿಗೆ ಹೋದೆವು. ದಾರಿಯುದ್ದಕ್ಕೂ ಮೈಸಮ್ಮ ಮೊಮ್ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಪೋಚಮ್ಮನನ್ನು ಬೈಯುತ್ತಿದ್ದಳು, ಬೇಡಿಕೊಳ್ಳುತ್ತಿದ್ದಳು, ಮತ್ತೆ ಬೈಯುತ್ತಿದ್ದಳು.

ದವಾಖಾನೆಯ ಡಾಕ್ಟರಮ್ಮ ದೇವಿಕಾ ಬೀದರ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು. ಏನು ತಿಂದಳು, ಏನು ಕುಡಿದಳು ಎಂದು ಕೇಳಿದರು. ಮಾಮೂಲಿ ಪ್ರಶ್ನೆ. ಸುಮ್ಮನಿದ್ದರೂ ನಡೆಯುತ್ತಿತ್ತು. ಬಾವಲಿ ಎಂಬ ಮಾತು ಎತ್ತಿದರೆ ಇವರು ನಮ್ಮನ್ನು ಹೊರಗೆ ಹಾಕುತ್ತಾರೆ ಎಂದು ಹೆದರಿ ನಾನು ಜೈಪಾಲನ ತೋಳು ಚಿವುಟಿದೆ. ಅವನು ನನ್ನ ಕೈ ಕೊಡವಿದ.

"ಬಾವಲಿ ಬಾಯಿ ಹಾಕಿದ ನೀರಾ ಕುಡ್ದಾಳ್ರಿ, ದಿನಾ. ನಾನೇ ಇಳಿಸೀನಿ," ಎಂದ.

ನರ್ಸ್ ಎರಡು ಹೆಜ್ಜೆ ಹಿಂದೆ ಸರಿದಳು. ಡಾಕ್ಟರಮ್ಮ ಸರಿಯಲಿಲ್ಲ. ಮಾಸ್ಕು ಸರಿಮಾಡಿಕೊಂಡು, ಸ್ವರೂಪಾಳನ್ನು ಬೇರೆ ಕೋಣೆಗೆ ಹಾಕಿಸಿ, ರಕ್ತ ತೆಗೆಸಿದರು. ಒಂದಿಷ್ಟು ಪರೀಕ್ಷೆ ಇಲ್ಲೇ ಮಾಡುತ್ತೇವೆ, ಆ ನಿಪಾದ ಪರೀಕ್ಷೆಗೆ ಮಾತ್ರ ಪುಣೆಗೆ ಹೋಗಬೇಕು ಎಂದರು. ನಮ್ಮನ್ನೂ ಹೊರಗಿನ ಜಗಲಿಯಲ್ಲಿ ಬೇರೆಯಾಗಿ ಕೂರಿಸಿದರು. ಕೂರಿಸಿದರು ಎಂದೆ ನೋಡಿ, ಜೈಪಾಲ ಎಲ್ಲಿ ಕೂರುತ್ತಾನೆ! ಆ ಜಗಲಿಯ ಉದ್ದ ಅಳೆದು ಅಳೆದು ಚಪ್ಪಲಿ ಹರಿದುಕೊಂಡ.

ಡಾಕ್ಟರಮ್ಮ ಹೊರಗೆ ಬಂದಾಗ ಅವನು ಕೇಳಿದ. "ಆ ಬಾವಲಿ ಯಾಕ ಸಾಯಂಗಿಲ್ರಿ, ಜಡ್ಡು ಅದರ ಮೈಯಾಗ ಇದ್ರ? ದಿನಾ ನೋಡ್ತೀನಿ. ಛೊಲೋನೇ ಇರ್ತಾವ."

"ಅದಕ್ಕ ಅದು ಜಡ್ಡೇ ಅಲ್ಲಪ್ಪ," ಎಂದರು ಅವರು. "ಅದರ ಮೈಯೊಳಗ ಸುಮ್ಮನ ಇರ್ತದ. ಜೊಲ್ಲಿನಾಗ, ಉಚ್ಚಿಯಾಗ ಹೊರಗ ಬರ್ತದ. ನಿಮ್ಮ ಗಡಿಗಿಯೊಳಗ ಬಿತ್ತಂದ್ರ, ಅದನ್ನ ಮನುಷ್ಯಾರು ಕುಡಿದ್ರಂದ್ರ, ಆಗ ಅದು ಜಡ್ಡು. ಎಲ್ಲಾ ಬಾವಲಿಯೊಳಗೂ ಇರಂಗಿಲ್ಲ, ಯಾವಾಗಲೂ ಇರಂಗಿಲ್ಲ. ನಮ್ಮ ಈ ಕಡೆ ಬಂದದ್ದು ನಾ ಅಂತೂ ಕೇಳಿಲ್ಲ. ಆದ್ರ ಯಾವ ದಿನದ ಯಾವ ಗಡಿಗಿ ಅಂತ ನಾವ್ಯಾರೂ ಹೇಳಾಕ ಆಗಂಗಿಲ್ಲ."

ಅದನ್ನು ಕೇಳಿ ಜೈಪಾಲ ಮತ್ತೆ ಜಗಲಿ ಅಳೆಯತೊಡಗಿದ. ಸಮಾಧಾನ ಹೇಳುವ ಮಾತುಗಳು ನನಗೆ ಬರುವುದಿಲ್ಲ, ಜೀವಮಾನವಿಡೀ ಮುಂದೆ ಹೋಗ್ರಿ, ಒಳಗೆ ಸರೀರಿ ಎಂದವನು ನಾನು. ಚಹಾ ತಂದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಹಿಡಿದುಕೊಂಡೇ ನಡೆದ. ಚಹಾ ಚೆಲ್ಲಿ ಕೈ ಸುಟ್ಟಿತು, ಅದೂ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಬಾವಲಿ ಮುಟ್ಟಿದ್ದೇ ಅಮೃತ ಎನ್ನುತ್ತಿದ್ದ ಅದೇ ತುಳಸಿರಾಮ ಮುಂದಾಳಾಗಿ, ದೀಪಾವಳಿಯಲ್ಲಿ ಉಳಿದಿದ್ದ ಪಟಾಕಿ ಸರಗಳನ್ನೆಲ್ಲ ಕೂಡಿಸಿ ಕೆರೆ ಏರಿಯ ಆಲದ ಕೆಳಗೆ ಹಚ್ಚಿಸಿದ. ಹಾಡುಹಗಲು. ಬಾವಲಿಗಳು ಕಪ್ಪಗೆ ಎದ್ದು ದಿಕ್ಕೆಟ್ಟು ಹಾರಿದವು. ಒಂದೇ ಮರದಲ್ಲಿದ್ದಂಥವು ಶಾಲೆಯ ಹುಣಸೆಗೆ, ಗುಡಿಯ ಬೇವಿಗೆ, ಕುಡಿಯುವ ನೀರಿನ ಬಾವಿಯ ಮೇಲಿನ ಅತ್ತಿಗೆ ಹಂಚಿಹೋದವು. ಬಾವಿಯ ನೀರು ಸೇದಲು ಹೆಂಗಸರು ಹೆದರಿದರು. ಎಂಥ ಜಾಣರು ನಮ್ಮೂರವರು! ಫೋನಿನಲ್ಲಿ ಇದನ್ನು ಕೇಳಿದಾಗ ಜೈಪಾಲ ಮೊದಲ ಸಲ ಸಿಟ್ಟಾದ.

"ಅವು ನಮ್ಮ ಮನಿಗಿ ಬಂದಿದ್ದವೇನು, ಕಾಕಾ? ಅವುಗಳ ಬಾಯಿಗಿ ಗಡಿಗಿ ಹಿಡಿದವರು ನಾವು. ಈಗ ಪಟಾಕಿ ಹೊಡೀತಾರ!"

ದವಾಖಾನೆಯಲ್ಲೇ ಮಾಡಿದ ಪರೀಕ್ಷೆಯ ಫಲಿತಾಂಶ ಮೊದಲು ಬಂತು. ಡೆಂಗಿ ಜ್ವರ. ಪುಣೆಯ ಉತ್ತರ ಬರುವವರೆಗೂ ಜೈಪಾಲ ಅದನ್ನು ನಂಬಲಿಲ್ಲ. ಅದೂ ಬಂತು. ನಿಪಾ ಇಲ್ಲ. ಡಾಕ್ಟರಮ್ಮ ತಾವೇ ಬಂದು ಹೇಳಿದರು. ಮೈಸಮ್ಮ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು, ನಾಚಿಕೆ ಬಿಟ್ಟು ಹೇಳುತ್ತೇನೆ, ದವಾಖಾನೆಯ ಜಗಲಿಯಲ್ಲಿ ಕೂತು ಅತ್ತೆ. ಜ್ವರ ಇಳಿಯಿತು. ಕೆಲ ವಾರ ಕಳೆದು ಸ್ವರೂಪಾ ಹೆಣ್ಣು ಕೂಸು ಹೆತ್ತಳು, ದುಂಡಗೆ, ಗಂಟಲು ಹರಿಯುವಂತೆ ಕೂಗುವ ಕೂಸು.

ಇಲ್ಲಿಗೆ ಮುಗಿಯಬೇಕಿತ್ತಲ್ಲವೇ? ಎಲ್ಲರಿಗೂ ಮುಗಿಯಿತು. ಪಟಾಕಿ ಹೊಡೆದವರು ಮರೆತರು. ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದಿತಲ್ಲ, ಇನ್ನೇನು, ಚೀಲ ಬಿಚ್ಚೋ ಮಾರಾಯ ಎಂದು ತುಳಸಿರಾಮನೇ ಬಂದು ಹೇಳಿದ. ಜೈಪಾಲ ಬಿಚ್ಚಲಿಲ್ಲ. ಮೈಸಮ್ಮನದು ಬೇರೆಯೇ ಪಟ್ಟು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಗೊತ್ತಾಗಿತ್ತು, ಕೂಸಿನ ನಾಲಿಗೆಗೆ ಬಾವಲಿ ಮರದ ನೀರಾ ಹಚ್ಚಲೇಬೇಕು, ಅದೂ ಮುಚ್ಚದ ಗಡಿಗೆಯದು. ಬಾವಲಿ ಮುಟ್ಟದಿದ್ದರೆ ಅದು ಬಾವಲಿ ಮರದ್ದು ಹೇಗಾಯಿತು ಎಂದಳು.

"ಆವಾಗಿಂದು ಡೆಂಗಿ ಆಗಿತ್ತವ್ವ," ಎಂದು ಜೈಪಾಲ ಬಗೆಬಗೆಯಾಗಿ ಹೇಳಿ ನೋಡಿದ. "ಅದರ ಅರ್ಥ ಗಡಿಗಿ ಛೊಲೋ ಅದ ಅಂತಲ್ಲ. ಆ ಸಲ ಪಾರಾದಿವಿ, ಅಷ್ಟೇ."

"ಸಾಯಪ್ಪಗ ಹಚ್ಚೀನಿ, ನಿನಗ ಹಚ್ಚೀನಿ, ಸ್ವರೂಪಾಗ ಹಚ್ಚೀನಿ. ಮರಿಮಗಳಿಗಿ ಹಚ್ಚದೇ ಸಾಯಲೇನು? ನೀ ತರದಿದ್ರ ಪಕ್ಕದ ಊರಿಂದ ತರಿಸ್ತೀನಿ. ನೀ ಇಲ್ಲದಾಗ ಹಚ್ತೀನಿ. ಎಷ್ಟು ದಿನ ಕಾವಲು ಕೂಡ್ತಿ?"

ಆ ಮುದುಕಿ ಹೇಳಿದಂತೆ ಮಾಡುವವಳೇ. ಸ್ವರೂಪಾ ಅಜ್ಜಿಯ ಮಾತು ಮೀರಿದವಳಲ್ಲ. ಶಿವರಾಜ ಲಾರಿ ಮೇಲೆ ದೂರ. ಹೆಸರಿಡುವ ಹಿಂದಿನ ಸಂಜೆ ಜೈಪಾಲ ಬಾವಲಿ ಮರದ ಕೆಳಗೆ ನಿಂತಿದ್ದ, ನಾನು ಹುಡುಕಿಕೊಂಡು ಹೋದೆ. ಹಗ್ಗವನ್ನು ಸೊಂಟಕ್ಕೆ ಕಟ್ಟುತ್ತಾನೆ, ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ.

"ಏನೋ ನಿಂದು? ಹತ್ತು, ಇಲ್ಲಾ ಮನಿಗಿ ನಡಿ!" ಎಂದು ರೇಗಿದೆ.

"ಚೀಲ ಬಿಚ್ಚಿ ಇಡಬೇಕಂತೀನಿ, ಕಾಕಾ. ನಾಳೆ ಗಡಿಗಿ ಸೋಸದೇ ಮನಿಗಿ ಒಯ್ದು ಅವ್ವನ ಮುಂದ ಇಡಬೇಕು. ಅದರಾಗ ಏನಿರ್ತದಂತ ಆಕಿ ನೋಡಿಲ್ಲ. ನೋಡಿದ್ರ ಕೂಸಿನ ಬಾಯಿಗಿ ಹಚ್ಚಂಗಿಲ್ಲ."

"ಮತ್ತ ಒಯ್ಯೋ. ಅದಕ್ಯಾಕ ಇಷ್ಟು ಪರೇಶಾನಿ?"

ಅವನು ನನ್ನ ಮುಖ ನೋಡಲಿಲ್ಲ. "ನೋಡಿದ್ರ ಆಕಿ ಸಾಯಪ್ಪನ್ನ ಕೇಳ್ತಾಳ," ಎಂದ.

ಜ್ವರ, ಸೆಟೆದ ಕೈಕಾಲು, ಚಳಿಗಾಲ. ಶಿವರಾಜ ಹೇಳಿದ ದಿನವೇ ಇವನ ತಲೆಗೆ ಅದು ಹೊಳೆದಿತ್ತು. ಮಗಳ ಭಯದ ಜೊತೆಗೆ ಇದನ್ನೂ ಹೊತ್ತುಕೊಂಡು ತಿರುಗುತ್ತಿದ್ದ. ಪೋಚಮ್ಮ ಕರೆದುಕೊಂಡಳು ಎಂಬುದೊಂದೇ ತಾಯಿಗೆ ಇರುವ ಸಮಾಧಾನ, ಅದನ್ನು ತನ್ನ ಕೈಯಾರೆ ಕಿತ್ತುಕೊಳ್ಳಬೇಕೇ ಎಂದು. ಕಿತ್ತುಕೊಳ್ಳದಿದ್ದರೆ ಕೂಸಿನ ನಾಲಿಗೆಗೆ ಅದೇ ನೀರಾ. ಸ್ವಲ್ಪ ಹೊತ್ತಿಗೆ ಅವನು ಹತ್ತಿದ. ಚೀಲ ಕೆಳಗೆ ಬಂದು ಬಿತ್ತು.

ಬೆಳಿಗ್ಗೆ ಅಂಗಳದಲ್ಲಿ ತೊಟ್ಟಿಲು ಕಟ್ಟಿದ್ದರು. ನೆಂಟರು, ನೆರೆಯವರು, ತುಳಸಿರಾಮನೂ ಹೊಸ ಟವೆಲ್ ಹಾಕಿಕೊಂಡು ಬಂದಿದ್ದ. ಮೈಸಮ್ಮ ಬೆಳ್ಳಿಯ ಚಮಚ ತೊಳೆದು ಇಟ್ಟುಕೊಂಡು ಕಾಯುತ್ತಿದ್ದಳು. ಜೈಪಾಲ ಗಡಿಗೆ ಹೊತ್ತು ಬಂದ. ತಲೆಬಾಗಿಲ ಹೊಸ್ತಿಲ ಹತ್ತಿರ ನಿಲ್ಲಲಿಲ್ಲ, ದಾಟಿ ಅಂಗಳಕ್ಕೆ ಬಂದು ತಾಯಿಯ ಮುಂದೆ ಇಟ್ಟ.

"ಸೋಸಿಲ್ಲವ್ವ," ಎಂದ.

"ಹಾಂ? ಸೋಸದ ಗಡಿಗಿ ಒಳಗ ತಂದೇನೋ, ಮೂಳಾ!" ಎಂದು ಅವಳು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಗಡಿಗೆ ತೆರೆದೇ ಇತ್ತು, ಬಿಸಿಲು ನೇರ ಒಳಗೆ ಬೀಳುತ್ತಿತ್ತು.

ನಾನೂ ಬಗ್ಗಿ ನೋಡಿದೆ. ಬಾಯಿಯ ಸುತ್ತ ಉಗುರಿನ ಗೀರು, ಅದು ನನಗೆ ಗೊತ್ತಿದ್ದದ್ದೇ. ಗೀರುಗಳ ಮೇಲಿಂದ ಒಳಗೆ ಇಳಿದ ಹಿಕ್ಕೆಯ ಕರಿ ಗೆರೆ ಗೊತ್ತಿರಲಿಲ್ಲ. ನೊರೆಯ ಮೇಲೆ ಕಂದು ಕೂದಲು ತೇಲುತ್ತಿತ್ತು, ಜಗಿದು ಉಗುಳಿದ ಹಣ್ಣಿನ ನಾರು, ಹಿಕ್ಕೆ, ಸತ್ತ ಜೇನ್ನೊಣಗಳು. ಸಿಹಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ. ತುಳಸಿರಾಮ ಎದ್ದು ಗೋಡೆಯ ಆಚೆ ಹೋಗಿ ವಾಂತಿ ಮಾಡಿಕೊಂಡ.

ಮೈಸಮ್ಮ ಬಹಳ ಹೊತ್ತು ನೋಡಿದಳು.

"ದಿನಾ ಹಿಂಗೇ ಇರ್ತದಾ?"

"ಹೂಂ. ಈ ಮರದ್ದು ದಿನಾ ಹಿಂಗೇ."

"ನಿಮ್ಮಪ್ಪ ಇದನ್ನೇ ಸೋಸಿ ಕೊಡ್ತಿದ್ದನಾ?"

"ಹೂಂ, ಅವ್ವ. ಕೂದಲಾ, ನೊಣಾ ಬಟ್ಟಿಯಾಗ ನಿಲ್ತಾವ. ಉಳಿದದ್ದು ನಿಲ್ಲಂಗಿಲ್ಲ."

ತೊಟ್ಟಿಲಲ್ಲಿ ಕೂಸು ಕೊಸರಾಡಿತು. ಸ್ವರೂಪಾ ಓಡಿ ಬಂದು ಎತ್ತಿಕೊಂಡು ಎದೆಗವಚಿಕೊಂಡಳು. ಮೈಸಮ್ಮ ಚಮಚ ಕೆಳಗಿಟ್ಟಳು. ಗಡಿಗೆಯಿಂದ ಕಣ್ಣು ತೆಗೆಯದೆ, ನಾವು ಎಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದಳು.

"ಸಾಯಪ್ಪಗ ನಾ ಇದನ್ನೇ ಕುಡಿಸಿದ್ದೆ. ಬ್ಯಾಡ ಅಂತಿದ್ದ, ಗಲ್ಲ ಹಿಡಿದು ಕುಡಿಸ್ತಿದ್ದೆ. ಇದರಿಂದೇನೋ, ಜೈಪಾಲ?"

ಇಲ್ಲ ಎಂದುಬಿಡೋ, ನಿನ್ನ ಬಾಯಿಗೆ ಏನಾಗಿದೆ ಎಂದು ನನಗೆ ಕೂಗಬೇಕೆನಿಸಿತು. ಜೈಪಾಲ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಹೌದು, ಕೂತ.

"ಗೊತ್ತಿಲ್ಲವ್ವ. ಜ್ವರ ನೂರು ಥರ ಇರ್ತಾವ. ಆವಾಗ ಯಾರೂ ರಕ್ತ ನೋಡಿಲ್ಲ. ಇನ್ನ ಯಾರಿಗೂ ಗೊತ್ತಾಗಂಗಿಲ್ಲ."

ಅವಳು ಅಳಲಿ ಎಂದು ನಾವೆಲ್ಲ ಕಾದೆವು. ಅಳಲಿಲ್ಲ. ಗಡಿಗೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿಗೆ ಸುರಿದು, ಮೇಲೆ ಬೂದಿ ಮುಚ್ಚಿದಳು. ಕೈ ತೊಳೆದಳು, ಮತ್ತೆ ತೊಳೆದಳು, ಸೋಪು ಹಾಕಿ ಮೂರನೆಯ ಸಲ ತೊಳೆದಳು. ಬಂದು ಸಕ್ಕರೆ ನೀರು ಕಾಯಿಸಿ ಆರಿಸಿ ಕೂಸಿನ ನಾಲಿಗೆಗೆ ಹಚ್ಚಿದಳು. ಕೂಸಿಗೆ ಮಾಯಾ ಎಂದು ಹೆಸರಾಯಿತು. ಊಟ ಆಯಿತು, ಮಂದಿ ಹೋದರು.

ಅಂದಿನಿಂದ ಮೈಸಮ್ಮ ಚಾಪೆ ಹೆಣೆಯುತ್ತಿದ್ದಾಳೆ, ಮಾರಲು ಅಲ್ಲ. ಒಂದೊಂದು ಮರದ ಕುತ್ತಿಗೆಯ ಅಳತೆಗೆ ಒಂದೊಂದು, ಬೆರಳು ತೂರದಷ್ಟು ಬಿಗಿ ಹೆಣಿಗೆ. ಜೈಪಾಲನ ಮರಗಳಿಗೆಲ್ಲ ಆದ ಮೇಲೆ ಪಕ್ಕದ ಊರಿನ ಮರಗಳಿಗೂ ಹೊತ್ತುಕೊಂಡು ಹೋಗಿ, ಜಗಳವಾಡಿ ಕಟ್ಟಿಸಿ ಬರುತ್ತಾಳೆ. ಪೋಚಮ್ಮನ ಗುಡಿಯ ಮುಂದೆ ಹಾಯುವಾಗ ನಿಲ್ಲುವುದಿಲ್ಲ. ನಾನು ಬೇಕೆಂದೇ ಅವಳ ಹಿಂದೆ ನಡೆದು ನೋಡಿದ್ದೇನೆ, ತಲೆ ತಗ್ಗಿಸಿ ಬೇಗ ಬೇಗ ದಾಟುತ್ತಾಳೆ. ಜೈಪಾಲ ತಟ್ಟೆ ಹಿಡಿದು ತಿರುಗುವುದನ್ನು ಇನ್ನೂ ಬಿಟ್ಟಿಲ್ಲ, ಆದರೆ ಈಗ ಅಂಗಳದಲ್ಲಿ ತಿರುಗುವವರು ಇಬ್ಬರು.

ಸಂಜೆ ಅವನು ಮರ ಹತ್ತಿದಾಗ ಅವಳು ಕೆಳಗೆ ನಿಂತು ಕತ್ತು ಎತ್ತಿ ಕೂಗುತ್ತಾಳೆ.

"ಕಟ್ಟಿದೇನೋ?"

"ಕಟ್ಟೀನವ್ವ."

ಅವನು ಇಳಿದು ಬಂದು ಹಗ್ಗ ಸುತ್ತುವಾಗ ಮತ್ತೆ ಕೇಳುತ್ತಾಳೆ.

"ಖರೇನೇ ಕಟ್ಟಿದೇನೋ, ಜೈಪಾಲ?"